ಊರ ಶಾಲೆಯೋ, ವ್ಯಾನ್ ಶಾಲೆಯೋ, ವಸತಿ ಶಾಲೆಯೋ: ಮಂಡ್ಯ, ಮೈಸೂರಿನ ಪೋಷಕರಿಗೆ ಒಂದು ಲೆಕ್ಕಾಚಾರ

ಮೇ ತಿಂಗಳ ಕೊನೆಯ ವಾರದಲ್ಲಿ ಮಂಡ್ಯ ಜಿಲ್ಲೆಯ ಯಾವ ಹಳ್ಳಿಯ ಜಗಲಿಯಲ್ಲಿ ಕುಳಿತರೂ ಇದೇ ಮಾತು: ಮಗುವನ್ನು ಎಲ್ಲಿಗೆ ಸೇರಿಸುವುದು? ಊರಿನ ಸರ್ಕಾರಿ ಶಾಲೆಗೋ, ಹಳದಿ ವ್ಯಾನ್ ಬಂದು ಕರೆದೊಯ್ಯುವ ಪೇಟೆಯ ಇಂಗ್ಲಿಷ್ ಮಾಧ್ಯಮದ ಶಾಲೆಗೋ, ಐದನೇ ತರಗತಿ ಮುಗಿದ ಮೇಲೆ ವಸತಿ ಶಾಲೆಗೋ? ಓದಿಸಬೇಕೇ ಬೇಡವೇ ಎಂಬ ಚರ್ಚೆ ನಮ್ಮ ಕಡೆ ಬಹುಮಟ್ಟಿಗೆ ಮುಗಿದುಹೋಗಿದೆ. ಇರುವ ಅಷ್ಟಿಷ್ಟು ಹಣವನ್ನು ಮಗುವಿನ ಯಾವ ವಯಸ್ಸಿನಲ್ಲಿ, ಯಾವುದರ ಮೇಲೆ ಹಾಕಬೇಕು ಎಂಬುದು ಈಗಿನ ಪ್ರಶ್ನೆ. ಅದಕ್ಕೆ ಹೆಚ್ಚಿನ ಮನೆಗಳು ಕೊಡುತ್ತಿರುವ ಉತ್ತರ ತಲೆಕೆಳಗಾಗಿದೆ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ. ಎಲ್‌ಕೆಜಿಯಿಂದ ಏಳನೇ ತರಗತಿಯವರೆಗೆ ಸಾಲ ಮಾಡಿ ಸುರಿಯುತ್ತೇವೆ. ಎಸ್ಸೆಸ್ಸೆಲ್ಸಿ, ಪಿಯುಸಿ ದಾಟಿ, ಹಾಕಿದ ಹಣ ನಿಜಕ್ಕೂ ಫಲ ಕೊಡುವ ಕಾಲ ಬಂದಾಗ ಕೈ ಬರಿದಾಗಿರುತ್ತದೆ.

ನಮ್ಮ ಮಹಿಳಾ ಸ್ವಸಹಾಯ ಸಂಘದ ಲೆಕ್ಕ ಬರೆಯುವವಳು ನಾನು. ಸಾಲದ ಪುಸ್ತಕದಲ್ಲಿ ‘ಸಾಲದ ಉದ್ದೇಶ’ ಎಂಬ ಕಾಲಂ ಇದೆ. ಜೂನ್ ತಿಂಗಳಲ್ಲಿ ಅಲ್ಲಿ ‘ಮಗುವಿನ ಫೀಸು’ ಎಂದು ಬರೆದು ಬರೆದು ಕೈ ನೋಯುತ್ತದೆ. ‘ಮಗಳ ಡಿಪ್ಲೊಮಾ’, ‘ಮಗನ ಡಿಗ್ರಿ’ ಎಂದು ಬರೆಯುವ ಸಂದರ್ಭ ಅಪರೂಪ. ಎರಡು ಮೂರು ಎಕರೆ ಜಮೀನು, ಒಂದೆರಡು ಕರೆಯುವ ಹಸು, ಆಗಾಗ ಕೂಲಿ, ಇಷ್ಟರಲ್ಲಿ ಸಂಸಾರ ಸಾಗಿಸುವ ಮನೆಗಳನ್ನು ಎದುರಿಗಿಟ್ಟುಕೊಂಡು ಈ ಹೋಲಿಕೆ ಬರೆದಿದ್ದೇನೆ. ಮೈಸೂರಿನ ಅಂಚಿನ ಬಡಾವಣೆಗಳಲ್ಲಿ ಗಾರೆ ಕೆಲಸಕ್ಕೋ ಗಾರ್ಮೆಂಟ್ಸ್‌ಗೋ ಹೋಗುವವರ ಲೆಕ್ಕವೂ ಬಹುಪಾಲು ಇದೇ.

ಖರ್ಚು ಎಂದರೆ ಫೀಸು ಮಾತ್ರವೇ?

ಫೀಸು, ವ್ಯಾನ್, ಪುಸ್ತಕ, ಎರಡು ಬಗೆಯ ಸಮವಸ್ತ್ರ, ಶೂ, ವಾರ್ಷಿಕೋತ್ಸವದ ವಸೂಲಿ, ಸಂಜೆಯ ಟ್ಯೂಷನ್ ಎಲ್ಲರ ಕಣ್ಣಿಗೂ ಕಾಣುತ್ತವೆ. ಮಗು ಶಾಲೆಯಲ್ಲಿರುವಾಗ ಮನೆಗೆ ತಪ್ಪುವ ದುಡಿಮೆಯನ್ನು ಯಾರೂ ಬರೆದಿಡುವುದಿಲ್ಲ, ಆದರೆ ಎಲ್ಲರೂ ಮನಸ್ಸಿನಲ್ಲೇ ಎಣಿಸುತ್ತಾರೆ.

ರೇಷ್ಮೆ ಸಾಕುವ ಮನೆಗಳಲ್ಲಿ ಅದು ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳು ಒಂದು ವಾರ ಹಗಲು ರಾತ್ರಿ ಎನ್ನದೆ ಸೊಪ್ಪು ತಿನ್ನುತ್ತದೆ. ಬಿಸಿಲೇರುವ ಮೊದಲೇ ತೋಟಕ್ಕೆ ಹೋಗಿ ಸೊಪ್ಪು ಕೊಯ್ದು, ಒದ್ದೆ ಗೋಣಿತಾಟು ಹೊದಿಸಿ ತರಬೇಕು. ಹುಳು ಹಣ್ಣಾದ ದಿನ ಆರಿಸಿ ಆರಿಸಿ, ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ನೂಲು ಬಿಟ್ಟು ಬೆಳೆ ಕೆಡುತ್ತದೆ. ಆ ಹೊತ್ತಿನಲ್ಲಿ ಆರನೇ ತರಗತಿಯ ಹುಡುಗಿಯ ಪುಟ್ಟ ಬೆರಳುಗಳಿಗೆ ದೊಡ್ಡವರ ಕೈಗಿಂತ ಹೆಚ್ಚು ಬೆಲೆ. ‘ನಾಲ್ಕು ದಿನ ತಾನೇ’ ಎಂದು ಉಳಿಸಿಕೊಳ್ಳುತ್ತಾರೆ. ವರ್ಷಕ್ಕೆ ಐದು ಬೆಳೆ ತೆಗೆದರೆ ಆ ನಾಲ್ಕು ದಿನ ಇಪ್ಪತ್ತಾಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ 220 ದಿನ ಪಾಠ ನಡೆಯಬೇಕು. ಅದರಲ್ಲಿ ಹತ್ತಿರ ಹತ್ತಿರ ಹತ್ತನೇ ಒಂದು ಭಾಗ ಹೋಯಿತು. ಭಿನ್ನರಾಶಿ ಹೇಳಿಕೊಟ್ಟ ವಾರ ತಪ್ಪಿಸಿಕೊಂಡ ಮಗು ಶೇಕಡಾವಾರು ಬಂದಾಗ ಕಣ್ಣು ಕಣ್ಣು ಬಿಡುತ್ತದೆ, ಬಡ್ಡಿ ಲೆಕ್ಕ ಬಂದಾಗ ಗಣಿತವನ್ನೇ ಕೈಬಿಡುತ್ತದೆ. ಎರಡು ಆಳಿನ ಕೂಲಿ ಉಳಿಸಲು ಹೋಗಿ ಕಳೆದುಕೊಳ್ಳುವುದು ಇದನ್ನು.

ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಮೆಗೆ ಇಟ್ಟುಕೊಳ್ಳುವುದನ್ನು ಕಾನೂನು ಪೂರ್ತಿಯಾಗಿ ನಿಷೇಧಿಸಿದೆ. 2016ರ ತಿದ್ದುಪಡಿ ಮನೆಯ ಕಸುಬಿನಲ್ಲಿ ಶಾಲಾ ಸಮಯದ ನಂತರ ನೆರವಾಗಲು ಮಾತ್ರ ಅವಕಾಶ ಕೊಟ್ಟಿದೆ. ಕಾನೂನನ್ನು ಪಕ್ಕಕ್ಕಿಟ್ಟು ಬರಿಯ ಹಣದ ಲೆಕ್ಕ ನೋಡಿದರೂ ಹತ್ತು ಹನ್ನೆರಡು ವರ್ಷದ ಮಗುವಿನ ದುಡಿಮೆಯಿಂದ ಮನೆಗೆ ಬರುವುದು ತೀರ ಅಲ್ಪ.

ಹದಿನಾರು ದಾಟಿದಾಗ ಲೆಕ್ಕ ಬದಲಾಗುತ್ತದೆ. 2025–26ನೇ ಸಾಲಿಗೆ ಕರ್ನಾಟಕದಲ್ಲಿ ನಿಗದಿಯಾದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಆ ಯೋಜನೆ ವಯಸ್ಕರಿಗೆ ಮಾತ್ರ, ಆದರೂ ಅಳತೆಗೋಲಾಗಿ ಇಟ್ಟುಕೊಳ್ಳೋಣ. ವರ್ಷಕ್ಕೆ 200 ದಿನ ಕೆಲಸ ಸಿಕ್ಕರೆ 74,000 ರೂಪಾಯಿ. ಅಂದರೆ ಎರಡು ವರ್ಷ ಪಿಯುಸಿ ಓದುವ ಹುಡುಗನ ಮನೆ ಸುಮಾರು ಒಂದೂವರೆ ಲಕ್ಷದ ಸಂಪಾದನೆಯನ್ನು ಬಿಟ್ಟುಕೊಟ್ಟಂತೆ. ಸರ್ಕಾರಿ ಕಾಲೇಜಿನಲ್ಲಿ ಫೀಸು ಕಡಿಮೆ, ಆದರೂ ಹುಡುಗರು ಯಾಕೆ ನಡುವೆ ಬಿಡುತ್ತಾರೆ ಎಂದು ಕೇಳುವವರು ಈ ಒಂದೂವರೆ ಲಕ್ಷವನ್ನು ಮರೆತಿರುತ್ತಾರೆ. ಮಗುವನ್ನು ಒಂದನೇ ತರಗತಿಗೆ ಸೇರಿಸುವ ದಿನವೇ ಈ ಮೊತ್ತವನ್ನು ಕಣ್ಣ ಮುಂದೆ ಇಟ್ಟುಕೊಳ್ಳಬೇಕು.

ಊರಿನ ಸರ್ಕಾರಿ ಶಾಲೆ

ಪಠ್ಯಪುಸ್ತಕ ಉಚಿತ, ಸಮವಸ್ತ್ರ ಉಚಿತ, ಶೂ, ಕಾಲುಚೀಲ ಉಚಿತ. ಮಧ್ಯಾಹ್ನ ಬಿಸಿಯೂಟ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು. ಮೊದಲು ಕೆಲವು ಜಿಲ್ಲೆಗಳಿಗೆ ಸೀಮಿತವಾಗಿದ್ದ ಮೊಟ್ಟೆ ಈಗ ರಾಜ್ಯದ ಎಲ್ಲ ಕಡೆ ಸಿಗುತ್ತದೆ, ತಿನ್ನದವರಿಗೆ ಬಾಳೆಹಣ್ಣು. ಇದೇ ಊಟ, ಹಾಲು, ಮೊಟ್ಟೆಯನ್ನು ಮನೆಯಲ್ಲಿ ಕೊಡಲು ಹೋದರೆ ದಿನಕ್ಕೆ 35 ರೂಪಾಯಿಗೆ ಕಡಿಮೆಯಾಗದು ಎಂದು ನನ್ನ ಅಂದಾಜು. 220 ದಿನಕ್ಕೆ 7,700 ರೂಪಾಯಿ. ಎರಡು ಮಕ್ಕಳಿರುವ ಮನೆಗೆ ಅದು ಸಣ್ಣ ಮೊತ್ತವಲ್ಲ.

ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪು ಗುಂಪಾಗಿ ಕುಳಿತು ಕಾರ್ಡುಗಳನ್ನು ಜೋಡಿಸುವುದನ್ನು ಕಂಡು ‘ಇದೇನು ಪಾಠ’ ಎಂದು ಮುಖ ತಿರುಗಿಸುವ ಪೋಷಕರಿದ್ದಾರೆ. ಅದು ನಲಿ–ಕಲಿ. 1995ರಲ್ಲಿ ನಮ್ಮದೇ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಆರಂಭವಾಗಿ ರಾಜ್ಯಕ್ಕೆಲ್ಲ ಹರಡಿದ ಪದ್ಧತಿ. ಒಬ್ಬ ಶಿಕ್ಷಕಿ ಮೂರು ತರಗತಿಗಳನ್ನು ನೋಡಿಕೊಳ್ಳಬೇಕಾದ ಹಳ್ಳಿ ಶಾಲೆಗೆಂದೇ ರೂಪುಗೊಂಡದ್ದು. ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕಾ ಏಣಿಯನ್ನು ಏರುತ್ತದೆ. ಆಸಕ್ತಿಯಿಂದ ಮಾಡುವ ಶಿಕ್ಷಕಿ ಸಿಕ್ಕರೆ ಅದಕ್ಕಿಂತ ಒಳ್ಳೆಯ ಆರಂಭ ಮಗುವಿಗೆ ಬೇರೆಲ್ಲೂ ಸಿಗಲಾರದು.

ಸಿಗದಿದ್ದರೆ? ಅದನ್ನೂ ನೇರವಾಗಿ ಹೇಳಬೇಕು. ಎಷ್ಟೋ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಒಂದಂಕಿಗೆ ಇಳಿದಿದೆ. ಇರುವ ಒಬ್ಬರು ಶಿಕ್ಷಕರೂ ಸಮೀಕ್ಷೆ, ಚುನಾವಣೆ, ತರಬೇತಿ ಎಂದು ಹೋದರೆ ಆ ದಿನ ಪಾಠವಿಲ್ಲ. ಗ್ರಾಮೀಣ ಭಾರತದಲ್ಲಿ ಐದನೇ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಎರಡನೇ ತರಗತಿಯ ಪಾಠವನ್ನು ಓದಲಾಗುವುದಿಲ್ಲ ಎಂದು 2024ರ ಅಸರ್ ಸಮೀಕ್ಷೆ ಕಂಡುಕೊಂಡಿತು. ಆ ಮಕ್ಕಳಲ್ಲಿ ಖಾಸಗಿ ಶಾಲೆಯವರೂ ಇದ್ದಾರೆ ಎಂಬುದು ನೆನಪಿರಲಿ.

ಆದ್ದರಿಂದ ಶಾಲೆ ನೋಡಲು ಹೋದಾಗ ಗೋಡೆಯ ಬಣ್ಣಕ್ಕೆ ಮರುಳಾಗಬೇಡಿ. ನಾಲ್ಕನೇ ತರಗತಿಯ ಮಗುವಿನ ಗಣಿತದ ನೋಟ್‌ಬುಕ್ ಕೇಳಿ ತೆಗೆದುಕೊಳ್ಳಿ. ಮೂಲೆಯಲ್ಲಿ ದಿನಾಂಕ ಇದೆಯೇ, ಎರಡು ದಿನಾಂಕಗಳ ನಡುವೆ ವಾರಗಟ್ಟಲೆ ಅಂತರವಿದೆಯೇ ನೋಡಿ. ತಪ್ಪು ಲೆಕ್ಕದ ಮೇಲೆ ಕೆಂಪು ಗುರುತು ಬಿದ್ದಿದೆಯೇ, ಅದರ ಕೆಳಗೆ ಮಗು ಆ ಲೆಕ್ಕವನ್ನು ಮತ್ತೆ ಮಾಡಿದೆಯೇ ನೋಡಿ. ಪಕ್ಕದ ಮಗುವಿನ ಪುಸ್ತಕವನ್ನೂ ತೆರೆಯಿರಿ. ಎರಡರಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಇದ್ದು, ಎಲ್ಲವೂ ಸರಿಯಿದ್ದರೆ ಅದು ಬೋರ್ಡಿನಿಂದ ಇಳಿಸಿಕೊಂಡದ್ದು. ಆಮೇಲೆ ಇನ್ನೂ ಪಾಠವಾಗದ ಒಂದು ಪುಟ ತೆರೆದು ಮಗುವಿಗೆ ಓದಲು ಹೇಳಿ. ಇದಕ್ಕೆ ಅರ್ಧ ಗಂಟೆ ಸಾಕು. ಹತ್ತು ವರ್ಷದ ಹಣವನ್ನು ಹಾಕುವ ಮೊದಲು ಈ ಅರ್ಧ ಗಂಟೆ ಕೊಡದ ಪೋಷಕರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಖಾಸಗಿ ಶಾಲೆಯಲ್ಲೂ ಇದನ್ನೇ ಮಾಡಿ. ನೋಟ್‌ಬುಕ್ ತೋರಿಸಲು ಒಪ್ಪದ ಶಾಲೆಗೆ ಮಗುವನ್ನು ಸೇರಿಸಬೇಡಿ.

ವ್ಯಾನ್ ಬರುವ ಖಾಸಗಿ ಶಾಲೆ

ಲೆಕ್ಕಕ್ಕೆ ಒಂದು ಸಾಧಾರಣ ಶಾಲೆಯನ್ನು ಇಟ್ಟುಕೊಳ್ಳೋಣ. ಫೀಸು, ವ್ಯಾನ್, ಪುಸ್ತಕ, ಬಟ್ಟೆ ಎಲ್ಲ ಸೇರಿ ಮೊದಲ ವರ್ಷ 45,000 ರೂಪಾಯಿ, ಪ್ರತಿ ವರ್ಷ ಶೇ 10ರಷ್ಟು ಏರಿಕೆ ಎಂದುಕೊಳ್ಳಿ. ಹತ್ತು ವರ್ಷಕ್ಕೆ ಒಟ್ಟು 7 ಲಕ್ಷ ದಾಟುತ್ತದೆ. ಇದು ಒಂದು ಮಗುವಿಗೆ, ಎಸ್ಸೆಸ್ಸೆಲ್ಸಿಯವರೆಗೆ ಮಾತ್ರ.

ಇದರ ಜೊತೆಗೆ ಬಡ್ಡಿ. ಫೀಸು ಕಟ್ಟಬೇಕಾದದ್ದು ಜೂನ್‌ನಲ್ಲಿ. ನಮ್ಮ ಕಡೆ ಕಾರ್ಖಾನೆಗಳು ಕಬ್ಬು ಅರೆಯಲು ಶುರುಮಾಡುವುದೇ ಆ ನಂತರ, ಹಣ ಕೈಸೇರುವುದು ಇನ್ನೂ ಆಮೇಲೆ. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಾಕಿಗಾಗಿ ರೈತರು ಬೀದಿಗಿಳಿಯುವುದನ್ನು ಮಂಡ್ಯ ಎಷ್ಟು ಸಲ ಕಂಡಿಲ್ಲ! ಹಾಗಾಗಿ ಫೀಸಿಗೆ ಕೈಸಾಲ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂದರೆ ವರ್ಷಕ್ಕೆ ಶೇ 36. ಮೂವತ್ತು ಸಾವಿರಕ್ಕೆ ಆರು ತಿಂಗಳಿಗೆ 5,400 ರೂಪಾಯಿ ಬಡ್ಡಿ. ಡೇರಿ ಬಟವಾಡೆಯಲ್ಲಿ ತಾಯಿ ಕೂಡಿಟ್ಟ ಹಣ ಆ ಬಡ್ಡಿಗೇ ಸರಿಹೋಗುತ್ತದೆ.

ಇಷ್ಟಕ್ಕೆ ಸಿಗುವುದೇನು? ಪಕ್ಕದ ಆಂಧ್ರಪ್ರದೇಶದಲ್ಲಿ 2008ರಲ್ಲಿ ಶುರುವಾದ ಒಂದು ದೊಡ್ಡ ಪ್ರಯೋಗ ಈ ಪ್ರಶ್ನೆಗೆ ಉತ್ತರ ಹುಡುಕಿತು. ಹಳ್ಳಿಗಳ ಸರ್ಕಾರಿ ಶಾಲೆಯ ಮಕ್ಕಳಲ್ಲಿ ಲಾಟರಿ ಎತ್ತಿ, ಗೆದ್ದವರನ್ನು ಖರ್ಚು ಕೊಟ್ಟು ಖಾಸಗಿ ಶಾಲೆಗೆ ಕಳುಹಿಸಿದರು. ನಾಲ್ಕು ವರ್ಷದ ನಂತರ ಪರೀಕ್ಷೆ ಮಾಡಿದಾಗ ತೆಲುಗು ಮತ್ತು ಗಣಿತದಲ್ಲಿ ಇಬ್ಬರ ನಡುವೆ ವ್ಯತ್ಯಾಸ ಕಾಣಲಿಲ್ಲ. ಖಾಸಗಿ ಶಾಲೆಯವರು ಎದ್ದು ಕಾಣುವಂತೆ ಮುಂದಿದ್ದದ್ದು ಹಿಂದಿಯಲ್ಲಿ. ಖಾಸಗಿ ಶಾಲೆಯ ಮಕ್ಕಳು ಜಾಣರಂತೆ ಕಾಣಲು ಬಹುಪಾಲು ಕಾರಣ, ಓದಿದ ಮತ್ತು ಕಾಸುಳ್ಳ ಮನೆಯವರು ಅಲ್ಲಿಗೆ ಹೋಗುವುದು.

ಇಂಗ್ಲಿಷ್‌ನ ವಿಷಯ ಬೇರೆ. ಪೋಷಕರ ಆಸೆ ಸುಳ್ಳಲ್ಲ. 2005ರ ಅಖಿಲ ಭಾರತ ಸಮೀಕ್ಷೆಯ ಅಂಕಿಗಳನ್ನು ಇಟ್ಟುಕೊಂಡು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದಾಗ, ಇಂಗ್ಲಿಷನ್ನು ಸರಾಗವಾಗಿ ಮಾತನಾಡುವ ಪುರುಷರ ಗಂಟೆಯ ಸಂಪಾದನೆ ಅಷ್ಟೇ ಓದಿದ, ಇಂಗ್ಲಿಷ್ ಬಾರದವರಿಗಿಂತ ಶೇ 34ರಷ್ಟು ಹೆಚ್ಚಿತ್ತು. ಅಲ್ಪಸ್ವಲ್ಪ ಬಲ್ಲವರಿಗೆ ಸಿಕ್ಕದ್ದು ಶೇ 13. ಅಂದರೆ ಫಲ ಸರಾಗತೆಗೆ. ಪ್ರಶ್ನೋತ್ತರವನ್ನು ಇಂಗ್ಲಿಷ್‌ನಲ್ಲಿ ಉರು ಹೊಡೆದು, ಕನ್ನಡದಲ್ಲೂ ಒಂದು ಪತ್ರ ಬರೆಯಲಾಗದೆ ಹತ್ತನೇ ತರಗತಿಯಿಂದ ಹೊರಬೀಳುವ ಮಕ್ಕಳು ನಮ್ಮ ಸುತ್ತ ಬೇಕಾದಷ್ಟಿದ್ದಾರೆ. ಸರಾಗತೆ ಬರಬೇಕಾದರೆ ಕಲಿಸುವವರಿಗೆ ಇಂಗ್ಲಿಷ್ ಬರಬೇಕು. ಶಿಕ್ಷಕಿಯ ಜೊತೆ ಐದು ನಿಮಿಷ ಇಂಗ್ಲಿಷ್‌ನಲ್ಲಿ ಮಾತನಾಡಬಲ್ಲ ಒಬ್ಬರನ್ನು, ಅಣ್ಣನ ಮಗನೋ ಪರಿಚಯದ ಹುಡುಗಿಯೋ ಯಾರಾದರೂ ಸರಿ, ಜೊತೆಗೆ ಕರೆದುಕೊಂಡು ಹೋಗಿ. ಶಾಲೆಯ ಇಂಗ್ಲಿಷ್ ಎಷ್ಟು ಎಂಬುದು ಆ ಐದು ನಿಮಿಷದಲ್ಲಿ ತಿಳಿದುಹೋಗುತ್ತದೆ.

ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಯಲ್ಲಿ ಉಚಿತ ಸೀಟು ಸಿಗುತ್ತದೆ ಎಂದು ಈಗಲೂ ಕಾಯುವವರಿದ್ದಾರೆ. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಾಗಿಲ್ಲ ಎಂದು ಕರ್ನಾಟಕ ನಿಯಮ ಬದಲಿಸಿದ್ದರಿಂದ 2019ರ ನಂತರ ಆ ಬಾಗಿಲು ಬಹುತೇಕ ಮುಚ್ಚಿದೆ. ಅದನ್ನು ನೆಚ್ಚಿಕೊಳ್ಳಬೇಡಿ.

ವ್ಯಾನ್ ಹತ್ತಿಸಿದ ದಿನವೇ ಆಗುವ ನಷ್ಟ

ಈ ವಿಷಯವನ್ನು ಸಂಘದ ಸಭೆಯಲ್ಲಿ ಹೇಳಿದಾಗಲೆಲ್ಲ ಸಭೆ ಒಮ್ಮೆ ನಿಶ್ಶಬ್ದವಾಗುತ್ತದೆ, ಆಮೇಲೆ ಎಲ್ಲರೂ ಒಟ್ಟಿಗೆ ಪ್ರಶ್ನೆ ಕೇಳುತ್ತಾರೆ.

ಕರ್ನಾಟಕದಲ್ಲಿ ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿದವರಿಗೆ ಸಿಇಟಿ ಮೂಲಕ ತುಂಬುವ ವೃತ್ತಿಪರ ಸೀಟುಗಳಲ್ಲಿ ಶೇ 15ರ ಮೀಸಲಾತಿ ಇದೆ. ಆ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಪ್ರತ್ಯೇಕ. ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25, ಕನ್ನಡ ಮಾಧ್ಯಮದವರಿಗೆ ಶೇ 5. ಆದಾಯ, ಪ್ರವರ್ಗದ ಷರತ್ತುಗಳು ಇವಕ್ಕೆ ಅನ್ವಯಿಸುತ್ತವೆ. ಎಣಿಕೆಗೆ ಬರುವುದು ಶಾಲೆ ಇರುವ ಜಾಗ, ಮಗುವಿನ ಮನೆ ಇರುವ ಜಾಗವಲ್ಲ. ಮದ್ದೂರು ತಾಲ್ಲೂಕಿನ ಹಳ್ಳಿಯಲ್ಲಿ ಹುಟ್ಟಿ ಬೆಳೆದು, ಗದ್ದೆಯ ಬದುವಿನ ಮೇಲೆ ನಡೆದಾಡಿದ ಮಗು ವ್ಯಾನ್ ಹತ್ತಿ ಮಂಡ್ಯ ನಗರದ ಶಾಲೆಗೆ ಹೋದರೆ, ಗ್ರಾಮೀಣ ಮೀಸಲಾತಿಯ ಲೆಕ್ಕದಲ್ಲಿ ಅದು ಪೇಟೆಯ ಮಗು. ಹತ್ತರಲ್ಲಿ ಒಂದೇ ಒಂದು ವರ್ಷ ಪೇಟೆಯಲ್ಲಿ ಓದಿದರೂ ಅರ್ಹತೆ ಹೋಗುತ್ತದೆ.

ಕೇಂದ್ರ ಸರ್ಕಾರದ ವಸತಿ ಶಾಲೆಯಾದ ನವೋದಯಕ್ಕೂ ಇದೇ ಬಗೆಯ ಷರತ್ತು. ಅಲ್ಲಿ ಕನಿಷ್ಠ ಶೇ 75 ಸೀಟುಗಳು ಗ್ರಾಮೀಣ ಮಕ್ಕಳಿಗೆ ಮೀಸಲು, ಆದರೆ ಮಗು ಮೂರು, ನಾಲ್ಕು, ಐದನೇ ತರಗತಿಗಳನ್ನು ಗ್ರಾಮೀಣ ಶಾಲೆಯಲ್ಲೇ ಓದಿರಬೇಕು. ಎನ್‌ಎಂಎಂಎಸ್ ವಿದ್ಯಾರ್ಥಿವೇತನವೂ ಹೀಗೆಯೇ. ಎಂಟನೇ ತರಗತಿಯಲ್ಲಿ ಪರೀಕ್ಷೆ ಬರೆದು ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಕುಟುಂಬದ ವರಮಾನ ವರ್ಷಕ್ಕೆ ಮೂರೂವರೆ ಲಕ್ಷ ಮೀರಬಾರದು, ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿರಬೇಕು. ಖಾಸಗಿ ಅನುದಾನರಹಿತ ಶಾಲೆಯ ಮಗು ಎಷ್ಟೇ ಬಡವರ ಮನೆಯದಾದರೂ ಆ ಪರೀಕ್ಷೆಗೆ ಕೂರುವಂತಿಲ್ಲ.

ಇಂಗ್ಲಿಷ್ ಬೇಕು, ಮೀಸಲಾತಿಯೂ ಉಳಿಯಬೇಕು ಎನ್ನುವವರಿಗೆ ನಡುದಾರಿಯೊಂದಿದೆ. ನಿಮ್ಮ ಹೋಬಳಿಯಲ್ಲಿ ಕರ್ನಾಟಕ ಪಬ್ಲಿಕ್ ಶಾಲೆಯೋ, ಇಂಗ್ಲಿಷ್ ಮಾಧ್ಯಮದ ವಿಭಾಗವಿರುವ ಸರ್ಕಾರಿ ಶಾಲೆಯೋ ಇದ್ದು, ಅದು ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳ ವ್ಯಾಪ್ತಿಯ ಹೊರಗಿದ್ದರೆ ಕನ್ನಡ ಮಾಧ್ಯಮದ ಶೇ 5 ಹೋದರೂ ಗ್ರಾಮೀಣ ಮೀಸಲಾತಿ ಉಳಿಯುತ್ತದೆ. ಹಳ್ಳಿಯ ವ್ಯಾಪ್ತಿಯಲ್ಲೇ ಇರುವ ಖಾಸಗಿ ಶಾಲೆಗೂ ಈ ಮಾತು ಅನ್ವಯಿಸುತ್ತದೆ.

ವಸತಿ ಶಾಲೆಗಳು

ಐದನೇ ತರಗತಿಯಲ್ಲಿ ಪ್ರವೇಶ ಪರೀಕ್ಷೆ, ಆರರಿಂದ ಓದು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಮೊದಲಾದ ರಾಜ್ಯದ ವಸತಿ ಶಾಲೆಗಳಲ್ಲಿ ಊಟ, ವಸತಿ, ಪುಸ್ತಕ, ಬಟ್ಟೆ ಎಲ್ಲ ಉಚಿತ. ನವೋದಯ ಕೇಂದ್ರದ್ದು, ಹನ್ನೆರಡನೇ ತರಗತಿಯವರೆಗೆ. ಅಲ್ಲಿಯೂ ಓದು, ಊಟ, ವಸತಿಗೆ ಫೀಸಿಲ್ಲ. ಒಂಬತ್ತರಿಂದ ಕೆಲವರು ತಿಂಗಳಿಗೆ 600 ರೂಪಾಯಿಯ ವಿಕಾಸ ನಿಧಿ ಕಟ್ಟಬೇಕು, ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಬಡತನ ರೇಖೆಗಿಂತ ಕೆಳಗಿನವರಿಗೆ ಅದರಿಂದ ವಿನಾಯಿತಿ. ಬರಿಯ ಹಣದ ಲೆಕ್ಕದಲ್ಲಿ ಇವುಗಳಿಗೆ ಸಾಟಿಯಿಲ್ಲ. ಸೀಟು ಕಡಿಮೆ ಎಂಬುದೇ ತೊಂದರೆ. ಈ ಪರೀಕ್ಷೆಗಾಗಿ ಮಗುವನ್ನು ದೂರದ ಕೋಚಿಂಗ್ ಹಾಸ್ಟೆಲ್‌ಗೆ ಹಾಕಿ ಐವತ್ತು ಸಾವಿರ ಕಳೆಯಬೇಡಿ. ಊರಿನ ಓದಿದವರು ಯಾರಾದರೂ ಹಳೆಯ ಪ್ರಶ್ನೆಪತ್ರಿಕೆಗಳನ್ನು ಸಂಜೆ ಹೇಳಿಕೊಟ್ಟರೆ ನಡೆಯುತ್ತದೆ. ಹತ್ತು ವರ್ಷದ ಮಗು ಮನೆ ಬಿಟ್ಟು ಇರಬಲ್ಲದೇ ಎಂಬುದನ್ನು ತಾಯಿಯೇ ನಿರ್ಧರಿಸಬೇಕು. ಅದಕ್ಕೆ ರೂಪಾಯಿಯ ಲೆಕ್ಕ ಹಚ್ಚಲು ನನಗೆ ಮನಸ್ಸಿಲ್ಲ.

ಹತ್ತರ ನಂತರ

ಒಂದು ವರ್ಷದ ಓದಿನಿಂದ ಸಂಪಾದನೆ ಸರಾಸರಿ ಶೇ 9ರಷ್ಟು ಹೆಚ್ಚುತ್ತದೆ ಎಂದು ವಿಶ್ವಬ್ಯಾಂಕ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಹಲವು ದೇಶಗಳ ಅಂಕಿಗಳಿಂದ ಲೆಕ್ಕ ಹಾಕಿತು. ಹೆಂಗಸರಿಗೆ ಗಂಡಸರಿಗಿಂತ ಎರಡು ಶೇಕಡಾ ಅಂಶದಷ್ಟು ಹೆಚ್ಚು. ಭಾರತದಲ್ಲಿ ಈ ಫಲ ಎಲ್ಲ ತರಗತಿಗಳಿಗೂ ಸಮವಾಗಿ ಹಂಚಿಕೆಯಾಗಿಲ್ಲ. ಪ್ರಾಥಮಿಕ ಹಂತದಲ್ಲಿ ಕಡಿಮೆ, ಪದವಿ, ಡಿಪ್ಲೊಮಾ ಹಂತದಲ್ಲಿ ಜಾಸ್ತಿ. ಏಳನೇ ತರಗತಿಗೆ ಬಿಟ್ಟವನಿಗೂ ಹತ್ತು ಮುಗಿಸಿದವನಿಗೂ ಸಿಗುವ ಗದ್ದೆಯ ಕೂಲಿ ಒಂದೇ. ಡಿಪ್ಲೊಮಾ ಮುಗಿಸಿದವಳಿಗೆ ಸಿಗುವುದು ಬೇರೆಯದೇ ಕೆಲಸ. ಹಾಗಾಗಿ ಹತ್ತರವರೆಗೆ 7 ಲಕ್ಷ ಸುರಿದು ಅಲ್ಲಿಗೆ ನಿಲ್ಲಿಸುವುದಕ್ಕಿಂತ ನಷ್ಟದ ದಾರಿ ಇನ್ನೊಂದಿಲ್ಲ.

ಊರ ಶಾಲೆಗೆ ಕಳುಹಿಸಿ, ಉಳಿದದ್ದರಲ್ಲಿ ತಿಂಗಳಿಗೆ 3,000 ರೂಪಾಯಿಯನ್ನು ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಆರ್‌ಡಿ ಕಟ್ಟಿದರೆ, ಶೇ 7ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ 5 ಲಕ್ಷ 19 ಸಾವಿರದಷ್ಟಾಗುತ್ತದೆ. ಕಟ್ಟಿದ್ದು 3 ಲಕ್ಷ 60 ಸಾವಿರ. ಪಿಯುಸಿಯ ಎರಡು ವರ್ಷ ತಪ್ಪಿದ ಆ ಒಂದೂವರೆ ಲಕ್ಷದ ಕೂಲಿಯನ್ನು ತುಂಬಿಕೊಂಡ ಮೇಲೂ ಮೂರು ಲಕ್ಷ 70 ಸಾವಿರ ಕೈಯಲ್ಲಿರುತ್ತದೆ. ‘ಅಪ್ಪನಿಗೆ ಕಷ್ಟ, ನಾನು ಗಾರೆ ಕೆಲಸಕ್ಕೆ ಹೋಗುತ್ತೇನೆ’ ಎನ್ನುವ ಹುಡುಗನನ್ನು ತಡೆದು ನಿಲ್ಲಿಸುವುದು ಈ ಹಣ.

ಮುಂದಿನ ದಾರಿಗಳಲ್ಲಿ ನನ್ನ ಒಲವು ಡಿಪ್ಲೊಮಾ ಕಡೆಗೆ, ಗಣಿತದಲ್ಲಿ ಕೈ ಪಳಗಿದ ಮಕ್ಕಳಿಗಂತೂ. ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷ, ಮುಗಿದ ಮೇಲೆ ಕೆಲಸಕ್ಕೂ ಹೋಗಬಹುದು, ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೂ ಸೇರಬಹುದು. ಸರ್ಕಾರಿ ಪಾಲಿಟೆಕ್ನಿಕ್ ಅಲ್ಲದೆ ಮೈಸೂರಿನಲ್ಲಿ ಉಪಕರಣ ತಯಾರಿಕೆ ಕಲಿಸುವ ಸರ್ಕಾರಿ ಸಂಸ್ಥೆ ಜಿಟಿಟಿಸಿ ಇದೆ, ಪ್ಲಾಸ್ಟಿಕ್ ತಂತ್ರಜ್ಞಾನ ಕಲಿಸುವ ಕೇಂದ್ರದ ಸಿಪೆಟ್ ಇದೆ. ಯಂತ್ರದ ಮುಂದೆ ನಿಂತು ಕೆಲಸ ಕಲಿಯುವ ಈ ಕೋರ್ಸುಗಳ ಬಗ್ಗೆ ನಮ್ಮ ಹಳ್ಳಿಗಳಲ್ಲಿ ತಿಳಿದವರು ಕಡಿಮೆ. ಐಟಿಐಗೆ ಖರ್ಚು ಎಲ್ಲಕ್ಕಿಂತ ಕಡಿಮೆ. ಮೈಸೂರಿನ ರೈಲ್ವೆ ಕಾರ್ಯಾಗಾರ, ಬೆಮೆಲ್‌ನಂತಹ ಕಡೆ ಅಪ್ರೆಂಟಿಸ್‌ಗೆ ಅದೇ ದಾರಿ. ಸರ್ಕಾರಿ ಪಿಯು ಕಾಲೇಜು, ಆಮೇಲೆ ಮಹಾರಾಜ, ಮಹಾರಾಣಿ, ಯುವರಾಜ ಕಾಲೇಜುಗಳಲ್ಲಿ ಪದವಿ ಎಂಬುದು ಶಿಕ್ಷಕ ವೃತ್ತಿ, ಸರ್ಕಾರಿ ನೇಮಕಾತಿ ಬಯಸುವವರಿಗೆ ಹೊಂದುತ್ತದೆ. ಹಳ್ಳಿ ಶಾಲೆಯಲ್ಲಿ ಉಳಿಸಿಕೊಂಡ ಶೇ 25 ಬೆಲೆಗೆ ಬರುವುದು ಅಲ್ಲೇ. ಮಗು ಸ್ವಂತ ಆಸೆಯಿಂದ ಕೇಳದ ಹೊರತು ನೀಟ್, ಜೆಇಇ ತರಬೇತಿ ಸೇರಿಸಿದ ದುಬಾರಿ ಪಿಯು ಕಾಲೇಜಿಗೆ ಜಮೀನು ಅಡವಿಡುವುದನ್ನು ನಾನು ಒಪ್ಪುವುದಿಲ್ಲ.

ಸಾಲ ಬೇಕೇ ಬೇಕಾದರೆ ಈ ಹಂತದಲ್ಲಿ ಮಾಡಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನ ಬೇಕಿಲ್ಲ, ತೀರಿಸುವುದು ಓದು ಮುಗಿದ ಮೇಲೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ ಇಷ್ಟೆಂದು ಹತ್ತು ತಿಂಗಳು ಹಣ ಬರುತ್ತದೆ.

1950ರ ದಶಕದಲ್ಲಿ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ವಿದ್ವಾಂಸೆ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿದ್ದು ಅಧ್ಯಯನ ಮಾಡಿದ್ದರು. ಕಾಲುವೆ ನೀರು ಹರಿದ ಹಳ್ಳಿ ಕಬ್ಬು, ಭತ್ತಕ್ಕೆ ಇನ್ನಷ್ಟು ಅಂಟಿಕೊಂಡಿತು. ಕಾಲುವೆ ತಲುಪದ ಹಳ್ಳಿಯ ಜನ ಮಂಡ್ಯದ ಪೇಟೆಯ ಕೆಲಸ, ವ್ಯಾಪಾರದ ಕಡೆ ಹೊರಳಿ ಹೊಸ ಬದುಕು ಕಟ್ಟಿಕೊಂಡರು. ವಿಶ್ವೇಶ್ವರಯ್ಯ ನಾಲೆಯ ನೀರಿದೆ, ಜಮೀನಿದೆ ಎಂದು ನಂಬಿ ಕೂರುವ ಮನೆಗಳಿಗೆ ಆ ಮಾತು ಈಗ ಇನ್ನೂ ಸಲ್ಲುತ್ತದೆ. ಮೂರು ಎಕರೆ ಇಬ್ಬರು ಮಕ್ಕಳಿಗೆ ಹಂಚಿದರೆ ಒಂದೂವರೆ ಎಕರೆ.

ಹೆಣ್ಣುಮಕ್ಕಳ ಪಾಲು

ಅಣ್ಣ ವ್ಯಾನ್ ಶಾಲೆಗೆ, ತಂಗಿ ಊರ ಶಾಲೆಗೆ. ಇದು ಎಲ್ಲ ಕಡೆ ಕಾಣುವ ದೃಶ್ಯ. ಮೇಲಿನ ಲೆಕ್ಕದ ಪ್ರಕಾರ ತಂಗಿಗೆ ಸಿಕ್ಕದ್ದು ಕೆಟ್ಟ ಆಯ್ಕೆಯಲ್ಲ. ಅವಳ ಹೆಸರಿನಲ್ಲಿ ಉಳಿಸಬಹುದಾಗಿದ್ದ ಹಣವನ್ನೂ ಅಣ್ಣನ ಫೀಸಿಗೇ ಹಾಕಿ, ಪಿಯುಸಿ ಮುಗಿದ ಕೂಡಲೇ ಗಂಡು ಹುಡುಕುವುದು ಅನ್ಯಾಯ. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಹೆಣ್ಣು ಭ್ರೂಣ ಪತ್ತೆಹಚ್ಚುತ್ತಿದ್ದ ಜಾಲ ಬಯಲಾಯಿತು. ಹೆಣ್ಣೆಂದರೆ ಬರಿಯ ಖರ್ಚು ಎಂಬ ಲೆಕ್ಕ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ನಮ್ಮ ಜಿಲ್ಲೆ ಕಣ್ಣಾರೆ ನೋಡಿದೆ. ಆ ಲೆಕ್ಕ ಅಂಕಿಗಳಲ್ಲೂ ಸುಳ್ಳು. ಒಂದೊಂದು ವರ್ಷದ ಓದಿಗೆ ಹೆಚ್ಚು ಫಲ ತರುವವಳು ಅವಳೇ.

ಖರ್ಚೂ ಅವಳಿಗೇ ಕಡಿಮೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ ಪ್ರಯಾಣ ಉಚಿತ. ಪಾಂಡವಪುರದಿಂದಲೋ ತಿ. ನರಸೀಪುರದಿಂದಲೋ ಮೈಸೂರಿನ ಕಾಲೇಜಿಗೆ ದಿನವೂ ಹೋಗಿ ಬರಲು ಬಸ್ ಚಾರ್ಜ್ ಅಡ್ಡಿ ಎನ್ನುವಂತಿಲ್ಲ. ಹತ್ತು ವರ್ಷ ತುಂಬುವ ಮೊದಲು ಸುಕನ್ಯಾ ಸಮೃದ್ಧಿ ಖಾತೆ ತೆರೆದರೆ ಬಡ್ಡಿ ಆರ್‌ಡಿಗಿಂತ ಹೆಚ್ಚು, 2025ರಲ್ಲಿ ಶೇ 8.2 ಇತ್ತು. ಹದಿನೆಂಟು ತುಂಬಿದ ಮೇಲೆ ಉನ್ನತ ಓದಿಗೆಂದು ಖಾತೆಯಲ್ಲಿರುವ ಅರ್ಧದವರೆಗೆ ತೆಗೆಯಬಹುದು. ಓದಿಗೆಂದೇ ತೆಗೆಯಿರಿ, ಚಿನ್ನಕ್ಕೆ ಬೇಡ.

ಹಾಗಾದರೆ ಯಾರಿಗೆ ಯಾವುದು?

ಊರ ಶಾಲೆಯಲ್ಲಿ ಪಾಠ ನಡೆಯುತ್ತಿದ್ದು, ನೋಟ್‌ಬುಕ್ ಪರೀಕ್ಷೆಯಲ್ಲಿ ಪಾಸಾದರೆ ಕಣ್ಣು ಮುಚ್ಚಿ ಅಲ್ಲಿಗೇ ಸೇರಿಸಿ, ಆರ್‌ಡಿ ಶುರುಮಾಡಿ, ಐದನೇ ತರಗತಿಯಲ್ಲಿ ವಸತಿ ಶಾಲೆಯ ಪರೀಕ್ಷೆಗಳನ್ನೆಲ್ಲ ಬರೆಸಿ. ಶಾಲೆಯಲ್ಲಿ ನಾಲ್ಕೈದು ಮಕ್ಕಳು, ಒಬ್ಬ ಅತಿಥಿ ಶಿಕ್ಷಕರು ಮಾತ್ರ ಎಂದಿದ್ದರೆ ಮಗುವನ್ನು ಅಲ್ಲಿ ಬಲಿ ಕೊಡಬೇಡಿ. ಪಕ್ಕದ ದೊಡ್ಡ ಊರಿನ ಸರ್ಕಾರಿ ಶಾಲೆಯನ್ನು ಮೊದಲು ನೋಡಿ. ನಾಲ್ಕು ಮನೆಯವರು ಸೇರಿ ಆಟೊ ಗೊತ್ತುಮಾಡಿದರೆ ವ್ಯಾನ್ ಶಾಲೆಯ ಖರ್ಚಿನ ಒಂದು ಚೂರಿನಲ್ಲಿ ಮುಗಿಯುತ್ತದೆ. ಅದೂ ಇಲ್ಲದಿದ್ದರೆ ಪಂಚಾಯಿತಿ ವ್ಯಾಪ್ತಿಯಲ್ಲೇ ಇರುವ ಖಾಸಗಿ ಶಾಲೆ, ಕೈಸಾಲವಿಲ್ಲದೆ ಫೀಸು ಕಟ್ಟಬಲ್ಲಿರಾದರೆ. ಮೈಸೂರು ನಗರದೊಳಗಿನ ಶಾಲೆಗಳಲ್ಲೇ ಓದುವವರಿಗೆ ಗ್ರಾಮೀಣ ಮೀಸಲಾತಿ ಹೇಗೂ ಇಲ್ಲ. ಅವರು ಸುತ್ತಮುತ್ತಲಿನ ಹಳೆಯ ಅನುದಾನಿತ ಶಾಲೆಗಳನ್ನು ವಿಚಾರಿಸಲಿ. ಫೀಸು ಕಡಿಮೆ, ಎನ್‌ಎಂಎಂಎಸ್ ಅವಕಾಶವೂ ಉಂಟು.

ಯಾವುದನ್ನು ಆರಿಸಿಕೊಂಡರೂ ಕಾಗದಪತ್ರ ಸರಿಯಿರಲಿ. ಜನನ ಪ್ರಮಾಣಪತ್ರ, ಶಾಲೆಯ ದಾಖಲಾತಿ ಪುಸ್ತಕ, ಆಧಾರ್ ಮೂರರಲ್ಲೂ ಮಗುವಿನ ಹೆಸರು, ತಂದೆಯ ಹೆಸರು, ಇನಿಷಿಯಲ್ ಒಂದೇ ರೀತಿ ಇರಬೇಕು, ಇಲ್ಲದಿದ್ದರೆ ವಿದ್ಯಾರ್ಥಿವೇತನದ ಅರ್ಜಿ ಪೋರ್ಟಲ್‌ನಲ್ಲೇ ನಿಂತುಬಿಡುತ್ತದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಡಿ, ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಕೇಳಿ ತಿಳಿದುಕೊಳ್ಳಿ. ಮಗು ಒಂದು ಶಾಲೆ ಬಿಡುವಾಗ ವರ್ಗಾವಣೆ ಪತ್ರದ ಜೊತೆಗೆ, ಯಾವ ಯಾವ ತರಗತಿಯನ್ನು ಯಾವ ವರ್ಷ, ಯಾವ ಮಾಧ್ಯಮದಲ್ಲಿ ಓದಿದೆ ಎಂಬ ವ್ಯಾಸಂಗ ಪ್ರಮಾಣಪತ್ರವನ್ನೂ ಅಂದೇ ಬರೆಸಿಕೊಳ್ಳಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ಕೇಳುವಾಗ ಹತ್ತೂ ವರ್ಷದ ದಾಖಲೆ ಬೇಕು. ಆ ಹೊತ್ತಿಗೆ ಊರಿನ ಶಾಲೆ ಮಕ್ಕಳಿಲ್ಲದೆ ಮುಚ್ಚಿದ್ದರೆ ಅದರ ರಿಜಿಸ್ಟರ್ ಯಾವ ಶಾಲೆಗೆ ಹೋಯಿತು ಎಂದು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಹುಡುಕಿಸಬೇಕಾಗುತ್ತದೆ, ಅದೂ ಸಿಇಟಿ ದಾಖಲೆ ಪರಿಶೀಲನೆಯ ಕೊನೆಯ ವಾರದಲ್ಲಿ.